ಲೀಡ್ ಕೊಡದ ಹಟ್ಟಿ, ಕೆಂಪು ದಾವಣಗೆರೆ ಮತ್ತು ಇನ್ನಷ್ಟು ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ: ನಮ್ಮ ಭಾಗದಲ್ಲಿ ಯಾವ ಜಾತಿಯವರು, ಯಾವ ಕೇರಿಯವರು ಯಾವ ಪಕ್ಷದ ಕಡೆ? ನಾನು ರಾಜಕೀಯ ಪಂಡಿತಳಲ್ಲ. ದಾವಣಗೆರೆ ಮತ್ತು ಚಿತ್ರದುರ್ಗದ ಸುತ್ತಿನ ಪ್ರೌಢಶಾಲೆಗಳಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಆ ವರ್ಷಗಳಲ್ಲಿ ಬಂದ ಚುನಾವಣೆಗಳಲ್ಲಿ ಹೆಚ್ಚಿನವುಗಳಲ್ಲಿ ಮತಗಟ್ಟೆಯಲ್ಲಿ ಕುಳಿತಿದ್ದೇನೆ, ಕೆಲವು ಸಲ ಎಣಿಕೆಯ ಮೇಜಿನಲ್ಲೂ. ಅಲ್ಲಿ ಕಂಡದ್ದನ್ನು ನೆಚ್ಚಿಕೊಂಡು ಉತ್ತರಿಸುತ್ತೇನೆ. ಕೊನೆಯ ಪತ್ರಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಜಾಗ ಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ.

ದಾವಣಗೆರೆ ಒಂದು ಕಾಲಕ್ಕೆ ಕಮ್ಯುನಿಸ್ಟರ ಊರಾಗಿತ್ತು ಎಂದು ನಮ್ಮ ಅಜ್ಜ ಹೇಳುತ್ತಾರೆ. ಈಗಿನ ಊರು ನೋಡಿದರೆ ನಂಬಿಕೆ ಬರುವುದಿಲ್ಲ. ನಿಜವಾಗಿದ್ದರೆ ಆ ಮತಗಳೆಲ್ಲ ಎಲ್ಲಿಗೆ ಹೋದವು?
(ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಅಜ್ಜ ಹೇಳುವುದು ನಿಜ. 1978, 1983, 1985, ಈ ಮೂರು ವಿಧಾನಸಭಾ ಚುನಾವಣೆಗಳಲ್ಲೂ ದಾವಣಗೆರೆ ಗೆಲ್ಲಿಸಿದ್ದು ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು. ಮೊದಲ ಸಲ ರಾಜ್ಯ ದೇವರಾಜ ಅರಸು ಅವರ ಕೈಗೆ ಹೋಗಿತ್ತು, ಮುಂದಿನ ಎರಡು ಸಲ ರಾಮಕೃಷ್ಣ ಹೆಗಡೆಯವರ ಕೈಗೆ. ರಾಜ್ಯದ ಗಾಳಿ ಎತ್ತ ಬೀಸಿದರೂ ಈ ಊರು ತೆನೆ-ಕುಡುಗೋಲನ್ನು ಬಿಡಲಿಲ್ಲ.

ನನ್ನ ತಂದೆ ಇಲ್ಲಿನ ಹತ್ತಿ ಗಿರಣಿಯೊಂದರಲ್ಲಿ ನೂಲಿನ ವಿಭಾಗದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದಾಗ ಅವರ ತಲೆ, ಹುಬ್ಬು, ಮೀಸೆ ಎಲ್ಲ ಬಿಳಿ. ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಟವೆಲ್‌ನಿಂದ ಹತ್ತಿಯ ಧೂಳು ಬಡಿದು ಒಳಗೆ ಬಿಡುತ್ತಿದ್ದರು. ಪಕ್ಕದ ಮನೆಯ ಸಾಬರ ತಲೆಯೂ ಹಾಗೆಯೇ ಬಿಳಿ, ಎದುರು ಸಾಲಿನ ನಾಯಕರ ಮನೆಯವರದೂ ಹಾಗೆಯೇ. ಮತ ಯಾರಿಗೆ ಎಂಬ ಮಾತು ಆಗುತ್ತಿದ್ದುದು ಗಿರಣಿಯ ಗೇಟಿನಲ್ಲಿ, ಪಾಳಿ ಬದಲಾಗುವ ಹೊತ್ತಿನಲ್ಲಿ. ಬೋನಸ್ ಎಷ್ಟು, ಕೆಲಸದಿಂದ ತೆಗೆದವರನ್ನು ಮತ್ತೆ ಸೇರಿಸಿಕೊಂಡರೇ ಇಲ್ಲವೇ, ಇವೇ ಅಲ್ಲಿನ ವಿಷಯ. ಜಾತಿ ಆಗಲೂ ಇತ್ತು. ನಮ್ಮ ಅಜ್ಜಿ ಸಾಬರ ಮನೆಯ ನೀರು ಕುಡಿಯುತ್ತಿರಲಿಲ್ಲ. ಆದರೆ ಅಜ್ಜಿಯ ಮಗ ಮತ್ತು ಆ ಮನೆಯ ಯಜಮಾನ ಒಂದೇ ಚಿಹ್ನೆಗೆ ಮುದ್ರೆ ಒತ್ತಿ ಬರುತ್ತಿದ್ದರು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ.

ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಸಾಬರು ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋದರು, ನಾಯಕರ ಮನೆಯವರು ಮಾರುಕಟ್ಟೆಯಲ್ಲಿ ಹಮಾಲಿಗೆ, ನನ್ನ ತಂದೆ ಕಿರಾಣಿ ಅಂಗಡಿಯ ಲೆಕ್ಕ ಬರೆಯಲು. ಪಾಳಿ ಹೋಯಿತು, ಗೇಟಿನ ಮಾತೂ ಹೋಯಿತು. ಆಮೇಲಿನ ಚುನಾವಣೆಯಲ್ಲಿ ತಂದೆ ಸಲಹೆ ಕೇಳಲು ಹೋದದ್ದು ನಮ್ಮ ಸಮಾಜದ ಹಿರಿಯರ ಹತ್ತಿರ, ಸಾಬರು ಹೋದದ್ದು ಮೊಹಲ್ಲಾದ ಹಿರಿಯರ ಹತ್ತಿರ. ನೀವು ಎಲ್ಲಿಗೆ ಹೋದವು ಎಂದು ಕೇಳಿದ ಮತಗಳು ಊರಿನಲ್ಲೇ ಇವೆ, ಒಟ್ಟಿಗೆ ನಿಲ್ಲುವ ಜಾಗವೊಂದು ಅವಕ್ಕೆ ಇಲ್ಲವಾಗಿದೆ. ಅಜ್ಜನಿಗೆ ಅವರ ಗಿರಣಿಯ ಗೇಟಿನ ಬಗ್ಗೆ ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಆ ತಲೆಮಾರಿನವರು ಈಗ ಬಹಳ ಮಂದಿ ಉಳಿದಿಲ್ಲ.

ದಾವಣಗೆರೆಯಲ್ಲಿ ಲಿಂಗಾಯತರೆಲ್ಲ ಒಂದು ಪಕ್ಷ, ಮುಸ್ಲಿಮರೆಲ್ಲ ಇನ್ನೊಂದು ಪಕ್ಷ. ಇನ್ನು ಚುನಾವಣೆ ನಡೆಸುವುದಾದರೂ ಯಾಕೆ, ಜನಗಣತಿ ಮಾಡಿದರೆ ಸಾಲದೇ?
(ವ್ಯಾಪಾರಿ, ಹರಿಹರ)

ಸಾಲದು. ಎಣಿಕೆಯ ಅಂಕಿಗಳೇ ನಿಮ್ಮ ಮಾತನ್ನು ಒಪ್ಪುವುದಿಲ್ಲ.

ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ 1998ರಿಂದ ಹೆಚ್ಚಿನ ಚುನಾವಣೆಗಳಲ್ಲಿ ಎದುರುಬದುರಾದದ್ದು ಎರಡು ಮನೆತನಗಳು: ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪನವರದು ಮತ್ತು ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪನವರದು. ಎರಡೂ ಲಿಂಗಾಯತ ಮನೆತನಗಳೇ. 1998ರಲ್ಲಿ ಶಿವಶಂಕರಪ್ಪನವರು ಗೆದ್ದರು, ಮರುವರ್ಷವೇ ಮಲ್ಲಿಕಾರ್ಜುನಪ್ಪನವರು ಗೆದ್ದರು. 2009ರಲ್ಲಿ ಮಲ್ಲಿಕಾರ್ಜುನಪ್ಪನವರ ಮಗ ಜಿ.ಎಂ. ಸಿದ್ದೇಶ್ವರ ಅವರು ಶಿವಶಂಕರಪ್ಪನವರ ಮಗ ಎಸ್.ಎಸ್. ಮಲ್ಲಿಕಾರ್ಜುನ ಅವರನ್ನು ಹಿಂದೆ ಹಾಕಿದ್ದು ಕೇವಲ 2,024 ಮತಗಳಿಂದ. 2024ರಲ್ಲಿ ಇವರಿಬ್ಬರ ಪತ್ನಿಯರಾದ ಪ್ರಭಾ ಮಲ್ಲಿಕಾರ್ಜುನ ಮತ್ತು ಗಾಯತ್ರಿ ಸಿದ್ದೇಶ್ವರ ಎದುರಾದಾಗ ಗೆಲುವು ಕಾಂಗ್ರೆಸ್ಸಿನ ಪ್ರಭಾ ಅವರದಾಯಿತು. ಲಿಂಗಾಯತರು ಇಡಿಯಾಗಿ ಒಂದೇ ಕಡೆ ಇದ್ದಿದ್ದರೆ ಗೆಲುವು ಹೀಗೆ ಆಚೀಚೆ ವಾಲುತ್ತಿತ್ತೇ? ಒಲವು ಇಲ್ಲವೆಂದು ನಾನು ಹೇಳುವುದಿಲ್ಲ. 1990ರಲ್ಲಿ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ ರೀತಿಗೆ ನೊಂದು ಕಾಂಗ್ರೆಸ್ ಬಿಟ್ಟ ಮನೆಗಳು ನಮ್ಮ ಬಂಧುಗಳಲ್ಲೇ ಇವೆ, ಅವರು ಇಂದಿಗೂ ಹಿಂತಿರುಗಿಲ್ಲ. ಅದೇ ಮನೆಯ ಸೊಸೆ ಯಾರಿಗೆ ಹಾಕುತ್ತಾಳೆ ಎಂಬುದು ಬೇರೆ ಮಾತು.

ಇನ್ನು ದಾವಣಗೆರೆ ದಕ್ಷಿಣ. ಆಜಾದ್ ನಗರ, ಭಾಷಾ ನಗರಗಳಂಥ ಮುಸ್ಲಿಮರು ಹೆಚ್ಚಿರುವ ಬಡಾವಣೆಗಳ ಕ್ಷೇತ್ರ ಅದು. 2008, 2013, 2018, 2023, ನಾಲ್ಕು ಸಲವೂ ಅಲ್ಲಿ ಗೆದ್ದವರು ವೀರಶೈವ ಮಹಾಸಭೆಯ ಮುಂದಾಳಾಗಿದ್ದ ಶಿವಶಂಕರಪ್ಪನವರು. ಇನ್ನೂ ಹಿಂದಿನದು ಬೇಕೆಂದರೆ ನನ್ನ ತಾಯಿಯ ತವರು ಜಗಳೂರಿನ ಕಡೆಗೆ ಬನ್ನಿ. ಅಲ್ಲಿನ ಜೆ. ಮಹಮ್ಮದ್ ಇಮಾಂ ಸಾಹೇಬರನ್ನು ಅಂದಿನ ಚಿತ್ರದುರ್ಗ ಕ್ಷೇತ್ರ ಎರಡು ಸಲ ಲೋಕಸಭೆಗೆ ಕಳುಹಿಸಿತು: 1957ರಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ, 1967ರಲ್ಲಿ ಸ್ವತಂತ್ರ ಪಕ್ಷದಿಂದ. ಲಿಂಗಾಯತರು, ನಾಯಕರು, ಗೊಲ್ಲರು, ದಲಿತರು ತುಂಬಿರುವ ಜಿಲ್ಲೆಯಲ್ಲಿ, ಕಾಂಗ್ರೆಸ್ಸಿನ ಎದುರು. ಜನಗಣತಿಯ ಪುಸ್ತಕದಲ್ಲಿ ಈ ಗೆಲುವನ್ನು ಯಾವ ಪುಟದಲ್ಲಿ ಹುಡುಕುತ್ತೀರಿ?

ನೀವು ಯಾವ ಪಕ್ಷದವರು ಎಂದು ನೇರವಾಗಿ ಹೇಳಿಬಿಡಿ. ಆಗ ನಿಮ್ಮ ಉತ್ತರಗಳನ್ನು ಹೇಗೆ ಓದಬೇಕೆಂದು ನಮಗೆ ತಿಳಿಯುತ್ತದೆ.
(ಓದುಗರು, ಚನ್ನಗಿರಿ)

ಹೇಳುವುದಿಲ್ಲ. ನನ್ನ ಪತಿಗೂ ಹೇಳಿಲ್ಲ, ಅವರೂ ನನಗೆ ಹೇಳಿಲ್ಲ. ಹೇಳದಿರುವುದಕ್ಕೆ ನನಗಿರುವ ಕಾರಣವನ್ನು ಕೊನೆಯ ಪತ್ರದ ಉತ್ತರದಲ್ಲಿ ಬರೆದಿದ್ದೇನೆ. ದಯವಿಟ್ಟು ಓದಿ.

ಚಿತ್ರದುರ್ಗ ಜಿಲ್ಲೆಯವರು ಒಮ್ಮೆ ಇವರಿಗೆ, ಒಮ್ಮೆ ಅವರಿಗೆ ಹಾಕುತ್ತಾರೆ. ನಮ್ಮದು ಚಂಚಲ ಬುದ್ಧಿಯೇ?
(ರೈತ, ಹೊಸದುರ್ಗ ತಾಲ್ಲೂಕು)

ನೀವು ಹೇಳಿದ ಹೊಯ್ದಾಟ ಅಂಕಿಗಳಲ್ಲಿ ಇದೆ. 2018ರಲ್ಲಿ ಜಿಲ್ಲೆಯ ಆರು ಸ್ಥಾನಗಳಲ್ಲಿ ಐದು ಬಿಜೆಪಿಗೆ, ಚಳ್ಳಕೆರೆ ಒಂದು ಕಾಂಗ್ರೆಸ್ಸಿಗೆ. 2023ರಲ್ಲಿ ಐದು ಕಾಂಗ್ರೆಸ್ಸಿಗೆ, ಹೊಳಲ್ಕೆರೆ ಒಂದು ಬಿಜೆಪಿಗೆ. ವರ್ಷ ತುಂಬುವಷ್ಟರಲ್ಲಿ, 2024ರ ಲೋಕಸಭೆಗೆ, ಅದೇ ಜಿಲ್ಲೆಯನ್ನು ಒಳಗೊಂಡ ಕ್ಷೇತ್ರದಿಂದ ಬಿಜೆಪಿಯ ಗೋವಿಂದ ಕಾರಜೋಳ ಗೆದ್ದರು.

ಇದನ್ನು ಚಂಚಲತೆ ಎನ್ನಲು ನನಗೆ ಮನಸ್ಸಿಲ್ಲ. ಬೆಂಗಳೂರಿಗೆ ಒಬ್ಬರು, ದೆಹಲಿಗೆ ಒಬ್ಬರು ಎಂದು ಬೇರೆ ಬೇರೆ ತೂಗುವುದು ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಶಾಸಕರನ್ನು ಕೊಳವೆಬಾವಿ, ವಿದ್ಯುತ್ ಪರಿವರ್ತಕ, ಆಸ್ಪತ್ರೆಯ ಹಾಸಿಗೆಗಾಗಿ ಆರಿಸುತ್ತಾರೆ, ಕೆಲಸ ಆಗದಿದ್ದರೆ ಬದಲಿಸುತ್ತಾರೆ. ನಿಮ್ಮ ತಾಲ್ಲೂಕಿನ ಹಿರಿಯರಿಗೆ ಇನ್ನೂ ಒಂದು ನೆನಪಿರಬೇಕು: 1962ರಲ್ಲಿ ಎಸ್. ನಿಜಲಿಂಗಪ್ಪನವರನ್ನು ಹೊಸದುರ್ಗ ಸೋಲಿಸಿತು. ಈ ಜಿಲ್ಲೆಯಲ್ಲೇ ಬೆಳೆದ ನಾಯಕ, ಮುಖ್ಯಮಂತ್ರಿ ಆಗಬೇಕಿದ್ದವರು. ಗೆದ್ದವರು ಪ್ರಜಾ ಸಮಾಜವಾದಿ ಪಕ್ಷದ ಜಿ.ಟಿ. ರಂಗಪ್ಪ. ಎಸ್.ಆರ್. ಕಂಠಿಯವರು ಕೆಲವು ತಿಂಗಳು ಆ ಸ್ಥಾನದಲ್ಲಿ ಕೂರಬೇಕಾಯಿತು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬರಬೇಕಾಯಿತು. ಸ್ವಂತ ನಾಡಿನವರೆಂಬ ಅಭಿಮಾನ, ದೊಡ್ಡ ಸಮುದಾಯದವರೆಂಬ ಬಲ ಎರಡೂ ಇದ್ದವರನ್ನು ಹೀಗೆ ಮನೆಗೆ ಕಳುಹಿಸಿದ ತಾಲ್ಲೂಕು ನಿಮ್ಮದು.

ಇನ್ನೊಂದು ವಿಷಯ. ಜಿಲ್ಲೆಯ ಆರರಲ್ಲಿ ಮೂರು ಕ್ಷೇತ್ರಗಳು ಮೀಸಲು: ಹೊಳಲ್ಕೆರೆ ಪರಿಶಿಷ್ಟ ಜಾತಿಗೆ, ಮೊಳಕಾಲ್ಮುರು ಮತ್ತು ಚಳ್ಳಕೆರೆ ಪರಿಶಿಷ್ಟ ಪಂಗಡಕ್ಕೆ. ಲೋಕಸಭಾ ಕ್ಷೇತ್ರ 2009ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಇಂಥ ಕಡೆ ಬಹುತೇಕ ಮತದಾರರು ತಮ್ಮ ಜಾತಿಯವರಲ್ಲದ ಒಬ್ಬರಿಗೆ ಮತ ಹಾಕಲೇಬೇಕು, ಹಾಕುತ್ತಿದ್ದಾರೆ. ಇದು ದೊಡ್ಡ ಬದಲಾವಣೆ ಎಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. 2019ರ ಸೆಪ್ಟೆಂಬರ್‌ನಲ್ಲಿ ಪಾವಗಡ ತಾಲ್ಲೂಕಿನಲ್ಲಿ ಕಾಡುಗೊಲ್ಲರು ವಾಸಿಸುವ ಗೊಲ್ಲರಹಟ್ಟಿಯೊಂದರಲ್ಲಿ ಈ ಕ್ಷೇತ್ರದ ಸಂಸದ ಎ. ನಾರಾಯಣಸ್ವಾಮಿ ಅವರನ್ನು ದಲಿತರೆಂಬ ಕಾರಣಕ್ಕೆ ಒಳಗೆ ಬಿಡದೆ ಹಿಂದಕ್ಕೆ ಕಳುಹಿಸಿದ ದಿನ ಆ ಹೆಮ್ಮೆ ಇಳಿಯಿತು. ಮತಯಂತ್ರದ ಮೇಲಿನ ಹೆಸರಿಗೆ ಬೆರಳು ತಾಗಿಸಲು ಒಪ್ಪುವವರು ಆ ಮನುಷ್ಯನ ಪಾದ ಹಟ್ಟಿಯ ನೆಲಕ್ಕೆ ತಾಗಲು ಒಪ್ಪಲಿಲ್ಲ. ಹಟ್ಟಿಯ ಬಗ್ಗೆ ಇಷ್ಟು ಬರೆದ ಮೇಲೆ ಮುಂದಿನ ಪತ್ರವನ್ನೂ ಓದಬೇಕು. ಅದೂ ಒಂದು ಹಟ್ಟಿಯಿಂದಲೇ ಬಂದದ್ದು.

ಮೇಡಂ, ನಮಸ್ಕಾರ. ನಾನು ಒಂದು ಗೊಲ್ಲರಹಟ್ಟಿಯವಳು, ನರ್ಸಿಂಗ್ ಓದುತ್ತಿದ್ದೇನೆ. ನಮ್ಮ ಹಟ್ಟಿಗೆ ಪ್ರತ್ಯೇಕ ಬೂತ್ ಇದೆ. ಒಂದು ಚುನಾವಣೆಯಲ್ಲಿ ಗೆದ್ದವರಿಗೆ ನಮ್ಮ ಬೂತಿನಲ್ಲಿ ಲೀಡ್ ಬರಲಿಲ್ಲ. ಸಿಮೆಂಟ್ ರಸ್ತೆ ಊರಿನವರೆಗೆ ಬಂದು ನಿಂತಿತು. ಕೇಳಲು ಹೋದವರಿಗೆ ‘ನಿಮ್ಮ ಹಟ್ಟಿಯವರೆಲ್ಲ ಆ ಪಕ್ಷದವರು, ಅವರನ್ನೇ ಕೇಳಿ’ ಎಂದರು. ನಾನು ಗೆದ್ದವರಿಗೇ ಹಾಕಿದ್ದೆ. ಹೇಳಿದರೆ ಹಟ್ಟಿಯಲ್ಲಿ ಕಷ್ಟ, ಹೇಳದಿದ್ದರೆ ನಾನೂ ಎದುರಾಳಿಯ ಲೆಕ್ಕ. ಮುಂದಿನ ಸಲ ಎಲ್ಲರೂ ಗೆಲ್ಲುವ ಕಡೆಗೇ ಹಾಕಬೇಕು ಎಂದು ಹಟ್ಟಿಯ ಯಜಮಾನರು ಹೇಳುತ್ತಿದ್ದಾರೆ. ನನ್ನ ಮತ ನನ್ನದಲ್ಲವೇ?
(ಹೆಸರು, ಊರು ಬೇಡ. ಚಿತ್ರದುರ್ಗ ಜಿಲ್ಲೆ)

ತಂಗಿ, ನಿನ್ನ ಪತ್ರವನ್ನು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಉತ್ತರಕ್ಕೆ ಮೊದಲು ನಾನೊಂದು ವಿಷಯ ಒಪ್ಪಿಕೊಳ್ಳಬೇಕು.

ಮತಯಂತ್ರ ಬಂದ ಮೇಲಿನ ಒಂದು ಚುನಾವಣೆ. ನಿನ್ನದರಂಥದೇ ಹಟ್ಟಿಯ ಶಾಲೆಯಲ್ಲಿ ನಾನು ಮತಗಟ್ಟೆ ಅಧಿಕಾರಿ, ಬೆರಳಿಗೆ ಶಾಯಿ ಹಾಕುವ ಕೆಲಸ. ಸಂಜೆಯ ಹೊತ್ತಿಗೆ ಏಜೆಂಟ್ ತನ್ನ ಪಟ್ಟಿ ಮಡಚಿಟ್ಟು, ‘ಇನ್ನು ಬರುವವರು ಯಾರೂ ಇಲ್ಲ ಮೇಡಂ’ ಎಂದ. ಕಿಟಕಿಯಿಂದ ನೋಡಿದರೆ ಮುಳ್ಳುಬೇಲಿಯ ಆಚೆ ಹುಣಸೆ ಮರದ ಕೆಳಗೆ ಮೂವರು ಹೆಂಗಸರು ಕುಳಿತಿದ್ದರು. ಅವರು ‘ಹೊರಗಾದವರು’. ಮುಟ್ಟಿನ ದಿನಗಳು, ಹಟ್ಟಿಯೊಳಗೆ ಬರುವಂತಿಲ್ಲ, ಬೇರೆಯವರಿದ್ದಲ್ಲಿಗೂ ಬರುವಂತಿಲ್ಲ. ನಾನು ಎದ್ದುಹೋಗಿ ಕರೆದೆ. ಬಹಳ ಹೊತ್ತು ಹಿಂಜರಿದು, ಉಳಿದವರೆಲ್ಲ ಮನೆಗೆ ಹೋದ ಮೇಲೆ ಬಂದರು. ಒಬ್ಬಾಕೆ ಬೆರಳು ಚಾಚುವಾಗ ಕೇಳಿದಳು: ‘ನಾವು ಒತ್ತಿದ್ದು ಇವರಿಗೆ ಗೊತ್ತಾಗುತ್ತದೆಯೇ ಅಕ್ಕ?’ ‘ದೇವರಿಗೂ ಗೊತ್ತಾಗುವುದಿಲ್ಲ’ ಎಂದು ನಾನು ಹೇಳಿದೆ. ಮೂರು ಸಲ ಬೀಪ್ ಶಬ್ದ ಬಂತು. ಆ ರಾತ್ರಿ ಯಂತ್ರವನ್ನು ಒಪ್ಪಿಸಿ ಬಂದಾಗ ನನಗಿದ್ದ ಸಮಾಧಾನ ಅಷ್ಟಿಷ್ಟಲ್ಲ.

ಕೆಲವು ತಿಂಗಳ ಮೇಲೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಅದೇ ಏಜೆಂಟ್ ಸಿಕ್ಕ. ಹಟ್ಟಿಯ ಮತವೆಲ್ಲ ಒಂದೇ ಕಡೆ ಬಿದ್ದು, ಇನ್ನೊಬ್ಬ ಅಭ್ಯರ್ಥಿಗೆ ಬಂದದ್ದು ಮೂರೇ ಮತವಂತೆ. ‘ಆ ಮೂವರದೇ ಮೇಡಂ, ಕೊನೆಗೆ ಬಂದರಲ್ಲ’ ಎಂದ. ಅವರದೋ ಅಲ್ಲವೋ, ತಿಳಿಯುವ ದಾರಿ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಆದರೆ ಹಟ್ಟಿಯಲ್ಲಿ ತೀರ್ಮಾನ ಆಗಿಹೋಗಿತ್ತು. ನಾನು ಕರೆಯದೆ ಇದ್ದಿದ್ದರೆ ಆ ಮೂವರ ಮೇಲೆ ಆ ಮಾತು ಬರುತ್ತಿರಲಿಲ್ಲ. ಕರೆದದ್ದು ತಪ್ಪಲ್ಲ ಎಂದು ನನಗೆ ಗೊತ್ತು, ಆದರೂ ಆ ಹೆಂಗಸಿನ ಪ್ರಶ್ನೆ ನೆನಪಾದಾಗಲೆಲ್ಲ ನನ್ನ ಉತ್ತರಕ್ಕೆ ನಾಚಿಕೆಯಾಗುತ್ತದೆ.

ಇದು ಹೇಗೆ ಆಗುತ್ತದೆ ಎಂದು ನಿನಗೆ ತಿಳಿದಿರಲಿ. ಮತಪತ್ರಗಳ ಕಾಲದಲ್ಲಿ ಆಯೋಗ ಆದೇಶಿಸಿದ ಕಡೆ ಹಲವು ಬೂತುಗಳ ಮತಪತ್ರಗಳನ್ನು ಕಲಸಿ ಎಣಿಸುತ್ತಿದ್ದರು. ಡ್ರಮ್ಮಿಗೆ ಬಿದ್ದ ಮೇಲೆ ಹಟ್ಟಿಯ ಚೀಟಿ ಯಾವುದು, ಊರಿನ ಚೀಟಿ ಯಾವುದು ಎಂದು ಯಾರೂ ಹೇಳುವಂತಿರಲಿಲ್ಲ. ಈಗ ಪ್ರತಿ ಬೂತಿಗೂ ಅದರದೇ ಯಂತ್ರ. ಎಣಿಕೆಯ ಮೇಜಿನಲ್ಲಿ ಒಂದೊಂದು ಯಂತ್ರದ ಅಂಕಿ ಬಂದಂತೆ ಎದುರಿಗೆ ಕುಳಿತ ಏಜೆಂಟರು ಬರೆದುಕೊಳ್ಳುತ್ತಾರೆ. ಆಮೇಲೆ ನಮೂನೆ 20 ಎಂಬ ಅಂತಿಮ ಪಟ್ಟಿಯಲ್ಲಿ ಬೂತುವಾರು ಲೆಕ್ಕ ಎಲ್ಲರಿಗೂ ಸಿಗುತ್ತದೆ. ಎಣಿಕೆಯ ದಿನ ಸಂಜೆಯೊಳಗೆ ‘ಯಾವ ಕೇರಿ ಕೈ ಕೊಟ್ಟಿತು’ ಎಂಬ ಮಾತು ಟೀ ಅಂಗಡಿಗೆ ಬಂದಿರುತ್ತದೆ. ದೂರ ನಡೆಯದಿರಲಿ, ಹೆದರಿಕೆಯಿಲ್ಲದೆ ಮತ ಹಾಕಲಿ ಎಂದು ಹಟ್ಟಿಗೆ, ತಾಂಡಾಕ್ಕೆ, ದಲಿತರ ಕೇರಿಗೆ ಪ್ರತ್ಯೇಕ ಬೂತ್ ಕೊಡುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ಅದೇ ಬೂತು ಹಟ್ಟಿಯ ಮನಸ್ಸನ್ನು ಅಂಕಿಯಾಗಿಸಿ ಬಲವಿದ್ದವರ ಕೈಗೆ ಕೊಡುತ್ತಿದೆ. ಪಟ್ಟಣದ ಬಡಾವಣೆಯವರಿಗೆ ಇದರ ಬಿಸಿ ಅಷ್ಟಾಗಿ ತಾಗುವುದಿಲ್ಲ, ಅವರ ಬೂತಿನಲ್ಲಿ ಹತ್ತು ಜಾತಿಯವರಿರುತ್ತಾರೆ.

ಇದಕ್ಕೆ ಪರಿಹಾರವಿದೆ. ಹದಿನಾಲ್ಕು ಬೂತುಗಳ ಯಂತ್ರಗಳನ್ನು ಒಟ್ಟಿಗೆ ಜೋಡಿಸಿ, ಬಿಡಿ ಅಂಕಿ ತೋರಿಸದೆ ಮೊತ್ತ ಮಾತ್ರ ತೋರಿಸುವ ‘ಟೋಟಲೈಸರ್’ ಎಂಬ ಸಾಧನವನ್ನು ಬಳಸಲು ಅನುಮತಿ ಕೊಡಿ ಎಂದು ಚುನಾವಣಾ ಆಯೋಗ 2008ರಲ್ಲೇ ಕೇಂದ್ರ ಸರ್ಕಾರವನ್ನು ಕೇಳಿತ್ತು. 2015ರಲ್ಲಿ ಕಾನೂನು ಆಯೋಗವೂ ತನ್ನ 255ನೇ ವರದಿಯಲ್ಲಿ ಬೆಂಬಲಿಸಿತು. ಸರ್ಕಾರ ಒಪ್ಪಲಿಲ್ಲ. ಮತಗಟ್ಟೆ ಸಿಬ್ಬಂದಿ ಒಬ್ಬರ ಮತದ ಗುಟ್ಟು ಬಿಟ್ಟುಕೊಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 128ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಸೆರೆವಾಸವಿದೆ. ನಾನು ಆ ಭಯಭಕ್ತಿಯಿಂದಲೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದೆ. ಇಡೀ ಹಟ್ಟಿಯ ಗುಟ್ಟನ್ನು ಮಾತ್ರ ವ್ಯವಸ್ಥೆಯೇ ಹಾಳೆಯಲ್ಲಿ ಅಚ್ಚು ಹಾಕಿ ಕೊಡುತ್ತದೆ. ನಾನು ಯಾರ ಕಡೆ ಎಂದು ಕೇಳಿದ ಚನ್ನಗಿರಿಯ ಓದುಗರೇ, ಹೇಳುವುದಿಲ್ಲ ಎಂಬ ನನ್ನ ಹಟ ಇಲ್ಲಿಂದ ಬಂದದ್ದು. ಹೇಳಲು ನನಗೆ ಭಯವಿಲ್ಲ. ನನ್ನಂಥವರೆಲ್ಲ ಹೇಳುತ್ತಾ ಹೋದರೆ, ಹೇಳದೆ ಉಳಿದ ಇಂಥ ಹುಡುಗಿಯರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ.

ಈಗ ನಿಮ್ಮ ಯಜಮಾನರ ಮಾತು. ಅವರನ್ನು ನಾನು ಹಗುರವಾಗಿ ಕಾಣಲಾರೆ. ಕಾಡುಗೊಲ್ಲರು ಚದುರಿಹೋಗಿರುವ ಸಮುದಾಯ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಪ್ರತಿ ಚುನಾವಣೆಯಲ್ಲೂ ವೇದಿಕೆ ಏರುತ್ತದೆ, ಆಮೇಲೆ ಕಡತ ಸೇರುತ್ತದೆ. ಒಟ್ಟಾಗಿ ಮತ ಹಾಕಿದರೆ ಮಾತ್ರ ನಮ್ಮನ್ನು ಮಾತನಾಡಿಸುತ್ತಾರೆ ಎಂದು ಅವರು ಕಂಡುಕೊಂಡದ್ದು ಅನುಭವದಿಂದ. ಗಿರಣಿಯ ಗೇಟಿನಲ್ಲಿ ನನ್ನ ತಂದೆಯವರು ಮಾಡುತ್ತಿದ್ದುದೂ ಅದನ್ನೇ. ಆದರೆ ಗೇಟಿನಲ್ಲಿ ಚರ್ಚೆ ನಡೆಯುತ್ತಿತ್ತು, ಒಪ್ಪದವನು ಎದ್ದು ನಿಂತು ಹೇಳುತ್ತಿದ್ದ. ನಿಮ್ಮ ಹಟ್ಟಿಯ ತೀರ್ಮಾನದಲ್ಲಿ ಹೆಂಗಸರು ಕುಳಿತಿರುತ್ತಾರೆಯೇ? ಬೇಲಿಯ ಆಚೆ ಇರುವವರನ್ನು ಯಾರಾದರೂ ಕೇಳುತ್ತಾರೆಯೇ? ಮತ್ತೆ ‘ಗೆಲ್ಲುವ ಕಡೆಗೆ’ ಎಂದರೆ ಗೆಲ್ಲುವವರು ಯಾರೆಂದು ಮೊದಲೇ ಯಾರಿಗೆ ಗೊತ್ತು? 2018ರಲ್ಲಿ ಗೆದ್ದವರು ಯಾರು, 2023ರಲ್ಲಿ ಗೆದ್ದವರು ಯಾರು ಎಂದು ಹೊಸದುರ್ಗದ ರೈತರಿಗೆ ಮೇಲೆ ಬರೆದಿದ್ದೇನೆ, ಅದನ್ನು ಯಜಮಾನರಿಗೆ ಓದಿ ಹೇಳು. ನಿನ್ನ ಅತ್ತೆ, ಚಿಕ್ಕಮ್ಮಂದಿರನ್ನು ಜೊತೆಗೆ ಕೂರಿಸಿಕೊಂಡು ಓದು.

ನೀನು ಯಾರಿಗೆ ಹಾಕಿದೆ ಎಂದು ಯಾರಿಗೂ ಹೇಳಬೇಡ. ರಸ್ತೆಗಾಗಿ ಕೂಡ ಹೇಳಬೇಡ. ಗೆದ್ದವರಿಗೆ ಹಾಕಿದ್ದೇನೆ ಎಂದು ಹೇಳಿ ರಸ್ತೆ ಪಡೆದರೆ, ಹಾಕದವರಿಗೆ ರಸ್ತೆ ಬೇಡ ಎಂದು ನೀನೂ ಒಪ್ಪಿದಂತೆ ಆಗುತ್ತದೆ.

ರಸ್ತೆಯ ಕೆಲಸಕ್ಕೆ ಹೀಗೆ ಮಾಡು. ಅದು ಯಾವ ಇಲಾಖೆಯ ಕಾಮಗಾರಿ ಎಂದು ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ ತಿಳಿದುಕೋ. ಆ ಕಚೇರಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕು. ಕ್ರಿಯಾ ಯೋಜನೆಯ ಪ್ರತಿ ಮತ್ತು ಅಂದಾಜು ಪಟ್ಟಿಯ ಪ್ರತಿ, ಎರಡನ್ನೂ ಹೆಸರಿಸಿ ಕೇಳು. ಬರುವ ಗ್ರಾಮಸಭೆಯಲ್ಲಿ ರಸ್ತೆಯ ವಿಷಯವನ್ನು ನಡಾವಳಿಯಲ್ಲಿ ಬರೆಸು, ಬರೆದ ಮೇಲೆ ಓದಿಸಿ ಕೇಳು. ಒಬ್ಬಳೇ ಹೋಗಬೇಡ, ಹಟ್ಟಿಯ ಹೆಂಗಸರು ನಾಲ್ಕೈದು ಮಂದಿ ಜೊತೆಗಿರಲಿ. ಅಂದಾಜು ಪಟ್ಟಿ ಕೈಗೆ ಬಂದಾಗ ರಸ್ತೆ ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್ ಎಂದು ಬರೆದಿದೆಯೋ ನೋಡಿ, ಊರಿನ ಕೊನೆಯಿಂದ ಹಟ್ಟಿಯ ಬೇಲಿಯವರೆಗೆ ಟೇಪು ಹಿಡಿದು ಅಳೆದು, ಎರಡೂ ಅಳತೆಗಳನ್ನು ನನಗೆ ಬರೆದು ಕಳುಹಿಸು.